ಜಾಲತಾಣದ ಅಂಗಡಿಗೆ ಪಾವತಿ ವ್ಯವಸ್ಥೆ: ಗಡಿಭಾಗದ ವರ್ತಕರು ಗಮನಿಸಬೇಕಾದ ಅಂಶಗಳು

ಬೆಂಗಳೂರು–ಚಿತ್ತೂರು ಹೆದ್ದಾರಿಯಲ್ಲಿ, ರಾಜ್ಯದ ಅಂಚಿನಲ್ಲಿರುವ ಊರು ನಂಗಲಿ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದು ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ರದ್ದಾದವು. ರಸ್ತೆಯ ಮೇಲಿನ ತಡೆ ಹೋದರೂ ತೆರಿಗೆ ಕಾನೂನಿನಲ್ಲಿ ಗಡಿ ಉಳಿದಿದೆ. ಉಪ್ಪಿನಕಾಯಿ, ಮಾವಿನ ಉತ್ಪನ್ನಗಳಂತಹ ಸರಕನ್ನು ಸ್ವಂತ ಜಾಲತಾಣದಲ್ಲಿ ಮಾರಲು ಹೊರಟ ಸಣ್ಣ ಉದ್ಯಮಿಗೆ ಇದು ಮೊದಲು ತಿಳಿದಿರಬೇಕು.

ನೋಂದಣಿ

ರಾಜ್ಯದೊಳಗೆ ಸರಕು ಮಾತ್ರ ಮಾರುವವರಿಗೆ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಪಲಮನೇರಿನ ಗ್ರಾಹಕನೊಬ್ಬನಿಗೆ ತೆರಿಗೆಗೊಳಪಟ್ಟ ಸರಕು ಕಳುಹಿಸಿದರೆ ಅದು ಅಂತರರಾಜ್ಯ ಮಾರಾಟ. ಕರಕುಶಲ ವಸ್ತುಗಳಂತಹ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮೊತ್ತ ಎಷ್ಟೇ ಚಿಕ್ಕದಾದರೂ ನೋಂದಣಿ ಕಡ್ಡಾಯ. ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಲ್ಲಿರುವವರು ಹೊರರಾಜ್ಯಕ್ಕೆ ಸರಕು ಮಾರುವಂತೆಯೇ ಇಲ್ಲ. ನೋಂದಣಿ ಆಗುವವರೆಗೆ ಜಾಲತಾಣದಲ್ಲಿ ಕರ್ನಾಟಕದ ಪಿನ್‌ಕೋಡ್‌ಗಳಿಗೆ ಮಾತ್ರ ಆರ್ಡರ್ ಪಡೆಯುವಂತೆ ನಿರ್ಬಂಧಿಸುವುದು ಕ್ಷೇಮಕರ.

ಸಂಸ್ಥೆಯ ಆಯ್ಕೆ

ಗ್ರಾಹಕನ ಹಣ ಪಡೆದು ವರ್ತಕನಿಗೆ ತಲುಪಿಸುವ ಸಂಸ್ಥೆಗೆ ಪೇಮೆಂಟ್ ಅಗ್ರಿಗೇಟರ್ ಎನ್ನುತ್ತಾರೆ. ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯನ್ವಯ ಬ್ಯಾಂಕೇತರ ಅಗ್ರಿಗೇಟರ್‌ಗಳಿಗೆ ಅದರ ಅನುಮತಿ ಅಗತ್ಯವಾಯಿತು. ಗ್ರಾಹಕರ ಹಣವನ್ನು ಎಸ್ಕ್ರೋ ಖಾತೆಯಲ್ಲಿ ಇಡಬೇಕಾಯಿತು. ಒಪ್ಪಂದಕ್ಕೆ ಮುನ್ನ ಸಂಸ್ಥೆಯ ಹೆಸರು ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿದೆಯೇ ಎಂದು ನೋಡತಕ್ಕದ್ದು.

ಅರ್ಜಿಯೊಂದಿಗೆ ಪ್ಯಾನ್, ಉದ್ಯಮದ ದಾಖಲೆ, ಬ್ಯಾಂಕ್ ಖಾತೆಯ ವಿವರ ಒದಗಿಸಬೇಕು. ಜಾಲತಾಣದಲ್ಲಿ ವಿಳಾಸ, ಬೆಲೆ, ಸರಕು ತಲುಪಿಸುವ ಅವಧಿ ಹಾಗೂ ಹಣ ಹಿಂದಿರುಗಿಸುವ ನಿಯಮ ಸ್ಪಷ್ಟವಾಗಿರಬೇಕು. ಇವು ಇಲ್ಲದೆ ಅರ್ಜಿಗಳು ನಿಂತುಬಿಡುವುದುಂಟು. ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ವರ್ತಕರು ತಮ್ಮಲ್ಲಿ ಸಂಗ್ರಹಿಸಿಡಲು 2022ರ ಅಕ್ಟೋಬರ್ 1ರಿಂದ ಅವಕಾಶವಿಲ್ಲ. ಗ್ರಾಹಕ ಕಳುಹಿಸಿದ ಸ್ಕ್ರೀನ್‌ಶಾಟ್ ನಂಬಿ ಸರಕು ರವಾನಿಸದೆ, ಅಗ್ರಿಗೇಟರ್ ಖಾತೆಯಲ್ಲಿ ಪಾವತಿ ಖಚಿತವಾದ ಮೇಲೆಯೇ ಕಳುಹಿಸಬೇಕು.

ಲೆಕ್ಕ ಬರೆಯುವ ಕ್ರಮ

ಹೆಚ್ಚಿನ ತಪ್ಪು ಇಲ್ಲಿಯೇ ಆಗುತ್ತದೆ. 1,000 ರೂಪಾಯಿಯ ಮಾರಾಟಕ್ಕೆ ಸಂಸ್ಥೆಯು ಶೇ. 2ರಂತೆ 20 ರೂಪಾಯಿ ಶುಲ್ಕ ಮತ್ತು ಅದರ ಮೇಲೆ ಶೇ. 18ರ ಜಿಎಸ್‌ಟಿ 3 ರೂ. 60 ಪೈಸೆ ಹಿಡಿದುಕೊಂಡಿತು ಎನ್ನೋಣ. ಬ್ಯಾಂಕಿಗೆ ಜಮೆಯಾಗುವುದು 976 ರೂ. 40 ಪೈಸೆ. ಇದನ್ನೇ ಮಾರಾಟವೆಂದು ಬರೆದರೆ ವಹಿವಾಟು ಕಡಿಮೆ ತೋರಿಸಿದಂತಾಗುತ್ತದೆ. ಪೂರ್ಣ 1,000 ರೂಪಾಯಿಗೆ ಬಿಲ್ಲು ಬರೆದು, ಶುಲ್ಕವನ್ನು ಖರ್ಚಿಗೆ ಹಾಕಬೇಕು. ಸಾಮಾನ್ಯ ನೋಂದಣಿ ಇರುವವರು 3 ರೂ. 60 ಪೈಸೆಯನ್ನು ಇನ್‌ಪುಟ್ ತೆರಿಗೆಯಾಗಿ ಪಡೆಯಬಹುದು. ಯುಪಿಐ ಹಾಗೂ ರುಪೇ ಡೆಬಿಟ್ ಕಾರ್ಡ್ ಮೇಲಿನ ಎಂಡಿಆರ್ ಶುಲ್ಕವನ್ನು 2020ರ ಜನವರಿ 1ರಿಂದ ತೆಗೆದುಹಾಕಲಾಯಿತು. ಆದರೂ ಸಂಸ್ಥೆಗಳು ತಮ್ಮ ಸೇವೆಗೆ ಬೇರೆ ಶುಲ್ಕ ಕೇಳುವುದರಿಂದ ಒಪ್ಪಂದದ ದರಪಟ್ಟಿಯನ್ನು ಓದಬೇಕು.

2025ರ ಪಾಠ

2025ರ ಜುಲೈನಲ್ಲಿ ರಾಜ್ಯ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳ ಮಾಹಿತಿ ಆಧರಿಸಿ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸ್ ನೀಡಿತು. ಹಾಲು, ತರಕಾರಿಯಂತಹ ತೆರಿಗೆರಹಿತ ಸರಕು ಮಾರುವವರೂ ಅವರಲ್ಲಿದ್ದರು. ಪ್ರತಿಭಟನೆಯ ನಂತರ ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲವೆಂದು ಸರ್ಕಾರ ಪ್ರಕಟಿಸಿತು. ಖಾತೆಗೆ ಬಂದ ಹಣವೆಲ್ಲ ತೆರಿಗೆಗೊಳಪಟ್ಟ ಮಾರಾಟವಲ್ಲ. ಆದರೆ ಹಾಗೆಂದು ತೋರಿಸಿಕೊಡಲು ವರ್ತಕನ ಬಳಿ ದಾಖಲೆ ಇರಬೇಕು.

ಆದ್ದರಿಂದ ಮನೆಯ ಹಣ, ಕೈಸಾಲ, ವ್ಯಾಪಾರದ ಜಮೆ ಒಂದೇ ಖಾತೆಯಲ್ಲಿ ಬೆರೆಯದಂತೆ ಪ್ರತ್ಯೇಕ ಚಾಲ್ತಿ ಖಾತೆ ತೆರೆಯುವುದು, ತೆರಿಗೆಯುಕ್ತ ಮತ್ತು ತೆರಿಗೆರಹಿತ ಸರಕಿನ ಬಿಲ್ಲುಗಳನ್ನು ಬೇರೆಬೇರೆಯಾಗಿ ಇಡುವುದು, ಪ್ರತಿ ತಿಂಗಳು ಬಿಲ್ಲು, ಅಗ್ರಿಗೇಟರ್ ವರದಿ ಮತ್ತು ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ತಾಳೆ ನೋಡುವುದು ಅವಶ್ಯ. ತಿಂಗಳಿಗೆ ಅರ್ಧ ದಿನದ ಈ ಕೆಲಸ ಮುಂದೆ ಬರಬಹುದಾದ ನೋಟಿಸಿಗೆ ಸಿದ್ಧ ಉತ್ತರವಾಗುತ್ತದೆ.