ಮೈಕಿನ ಮುಂದೆ ಮೀನುಗಾರ

ಅಲಾಸ್ಕಾದ ಆಂಕರೇಜ್ ನಗರದ ಹೋಟೆಲ್ ಸಭಾಂಗಣವೊಂದರಲ್ಲಿ ಮೀನುಗಾರಿಕಾ ಮಂಡಳಿಯ ಸಭೆಗೆಂದು ಮೂರು ಬದಿಗೂ ಮೇಜು ಹಾಕಿರುತ್ತಾರೆ. ಮತದ ಹಕ್ಕುಳ್ಳ ಹನ್ನೊಂದು ಮಂದಿ ಸದಸ್ಯರಲ್ಲಿ ಸರ್ಕಾರದ ಮೀನುಗಾರಿಕಾ ಅಧಿಕಾರಿಗಳೂ ಇರುತ್ತಾರೆ, ಬದುಕಿಡೀ ಕಡಲಿನಲ್ಲೇ ದುಡಿದವರೂ ಇರುತ್ತಾರೆ. ಎದುರಿಗೆ ಒಂದು ಪುಟ್ಟ ಮೇಜು, ಅದರ ಮೇಲೊಂದು ಮೈಕು. ಮೊದಲೇ ಹೆಸರು ಬರೆಸಿದವರು ಸರದಿಯಂತೆ ಬಂದು ಅಲ್ಲಿ ಕೂರುತ್ತಾರೆ. ತಮ್ಮ ಪರವಾಗಿ ಮಾತಾಡುವವರಿಗೆ ಮೂರು ನಿಮಿಷ, ಸಂಘದ ಪರವಾಗಿ ಬಂದವರಿಗೆ ಆರು ನಿಮಿಷ. ಮಾತು ಮುಗಿದೊಡನೆ ಎದ್ದು ಹೋಗುವಂತಿಲ್ಲ, ಸದಸ್ಯರು ಪ್ರಶ್ನೆ ಕೇಳಬಹುದು. ಎಲ್ಲರ ಮಾತೂ ಮುಗಿದ ಮೇಲೆ ಸದಸ್ಯರೊಬ್ಬರು ಗೊತ್ತುವಳಿ ಮಂಡಿಸುತ್ತಾರೆ. ಅದರ ಒಂದೊಂದು ಪದವೂ ಪರದೆಯ ಮೇಲೆ ಮೂಡುತ್ತದೆ. ತಿದ್ದುಪಡಿ, ಚರ್ಚೆ ಆಗಿ, ಕೊನೆಗೆ ಮತ. ಯಾರು ಯಾವ ಕಡೆ ಮತ ಹಾಕಿದರು ಎಂಬುದನ್ನು ಸಭೆಗೆ ಬಂದವರೆಲ್ಲ ನೋಡುತ್ತಾರೆ.

ಇಲ್ಲಿ ಇತ್ಯರ್ಥವಾಗುವುದು ಸಣ್ಣಪುಟ್ಟ ಸಂಗತಿಗಳಲ್ಲ. ಬೇರಿಂಗ್ ಸಮುದ್ರದಲ್ಲಿ ಪೊಲಾಕ್ ಎಂಬ ಒಂದೇ ಜಾತಿಯ ಮೀನು ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ಸಿಗುತ್ತದೆ. ಅದರಲ್ಲಿ ಯಾರಿಗೆ ಎಷ್ಟು, ಯಾವ ಬಲೆಗೆ ಎಲ್ಲಿ ಅವಕಾಶ, ಬೇಡದ ಮೀನು ಬಲೆಗೆ ಬಿದ್ದರೆ ಎಷ್ಟರವರೆಗೆ ಸಹಿಸಬೇಕು ಎಂಬ ತೀರ್ಮಾನಗಳು ರೂಪುಗೊಳ್ಳುವುದು ಇಂಥ ಸಭೆಗಳಲ್ಲಿ. ಅಮೆರಿಕದ ಕಡಲತೀರದ ಉದ್ದಕ್ಕೂ ಇಂಥ ಎಂಟು ಪ್ರಾದೇಶಿಕ ಮೀನುಗಾರಿಕಾ ಮಂಡಳಿಗಳಿವೆ. ಅವು ಹುಟ್ಟಿದ ಬಗೆ, ಎಡವಿದ ಬಗೆ, ತಿದ್ದಿಕೊಂಡ ಬಗೆ ಕಡಲನ್ನು ನಂಬಿ ಬದುಕುವ ಯಾವ ನಾಡಿಗೂ ತಿಳಿದಿರಬೇಕಾದದ್ದು.

ಹೊರಗಿನ ಹಡಗು, ಒಳಗಿನ ಸಿಟ್ಟು

1954ರಲ್ಲಿ ಬ್ರಿಟನ್ನಿನ ‘ಫೇರ್‌ಟ್ರೈ’ ಎಂಬ ಹಡಗು ಕಡಲಿಗಿಳಿಯಿತು. ಬಲೆಯನ್ನು ಹಿಂಬದಿಯಿಂದ ಮೇಲೆಳೆದುಕೊಂಡು, ಮೀನನ್ನು ಹಡಗಿನೊಳಗೇ ಸಿಗಿದು, ಮಂಜುಗಟ್ಟಿಸಿ ಇಡುವ ವ್ಯವಸ್ಥೆ ಅದರಲ್ಲಿತ್ತು. ತಿಂಗಳುಗಟ್ಟಲೆ ಬಂದರಿಗೆ ಮರಳದೆಯೇ ಮೀನು ಹಿಡಿಯಬಹುದಿತ್ತು. ಸೋವಿಯತ್ ಒಕ್ಕೂಟ ಇದೇ ಮಾದರಿಯಲ್ಲಿ ಹಡಗುಗಳ ದಂಡನ್ನೇ ಕಟ್ಟಿತು. 1960ರ ದಶಕದಲ್ಲಿ ಸೋವಿಯತ್, ಪೋಲಿಷ್, ಜರ್ಮನ್ ಹಡಗುಗಳು ಮ್ಯಾಸಚೂಸೆಟ್ಸ್ ತೀರದ ಪೂರ್ವಕ್ಕಿರುವ ಜಾರ್ಜಸ್ ಬ್ಯಾಂಕ್‌ವರೆಗೆ ಬಂದವು. ಅಲ್ಲಿನ ಕಡಲು ಆಳ ಕಡಿಮೆಯಿರುವ, ಮೀನು ದಂಡಿಯಾಗಿರುವ ಜಾಗ. 1965ರಲ್ಲಿ ಅಲ್ಲಿಂದ ಹಿಡಿದ ಹ್ಯಾಡಕ್ ಮೀನು ಸುಮಾರು ಒಂದೂವರೆ ಲಕ್ಷ ಟನ್. ಕೆಲವೇ ವರ್ಷಗಳಲ್ಲಿ ಆ ಮೀನಿನ ಸಂತತಿ ಕುಸಿದುಬಿತ್ತು.

ದಡದಿಂದ 12 ನಾಟಿಕಲ್ ಮೈಲಿ ದಾಟಿದರೆ ಅಮೆರಿಕದ ಕೈ ಕಟ್ಟಿತ್ತು. ಹಲವು ದೇಶಗಳು ಸೇರಿದ್ದ ಅಂತರರಾಷ್ಟ್ರೀಯ ಆಯೋಗವೊಂದು ಕೋಟಾ ನಿಗದಿ ಮಾಡತೊಡಗಿದ್ದು 1970ರ ದಶಕದಲ್ಲಿ, ಹಾನಿ ಆದ ಮೇಲೆ. ಮ್ಯಾಸಚೂಸೆಟ್ಸ್ ತೀರದ ಗ್ಲಾಸ್ಟರ್, ನ್ಯೂ ಬೆಡ್‌ಫೋರ್ಡ್ ಬಂದರುಗಳ ಮೀನುಗಾರರು ತಮ್ಮ ಸಂಸದರ ಬೆನ್ನು ಬಿದ್ದರು. ಆದರೆ ಎಲ್ಲ ಮೀನುಗಾರರದ್ದೂ ಒಂದೇ ಮಾತಾಗಿರಲಿಲ್ಲ. ಬೇರೆ ದೇಶಗಳ ತೀರಕ್ಕೆ ಹೋಗಿ ಟ್ಯೂನಾ ಹಿಡಿಯುತ್ತಿದ್ದ ಕ್ಯಾಲಿಫೋರ್ನಿಯಾದ ಬೋಟಿನವರಿಗೆ, ನಾವು ಗಡಿ ಹಾಕಿದರೆ ಅವರೂ ಹಾಕುತ್ತಾರೆ ಎಂಬ ಭಯ. ವಿಶ್ವಸಂಸ್ಥೆಯಲ್ಲಿ ಸಮುದ್ರ ಕಾನೂನಿನ ಮಾತುಕತೆ ನಡೆದಿರುವಾಗ ಒಬ್ಬಂಟಿಯಾಗಿ ಮುಂದುವರಿಯುವುದು ವಿದೇಶಾಂಗ ಇಲಾಖೆಗೂ ಬೇಡವಾಗಿತ್ತು. ಕೊನೆಗೆ ಮೀನುಗಾರರ ಒತ್ತಡವೇ ಗೆದ್ದಿತು. 1976ರ ಏಪ್ರಿಲ್ 13ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಕಾಯ್ದೆಗೆ ಸಹಿ ಹಾಕಿದರು. 1977ರ ಮಾರ್ಚ್ 1ರಿಂದ ದಡದಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿಲೋಮೀಟರ್‌ವರೆಗಿನ ಮೀನಿನ ಮೇಲೆ ಅಮೆರಿಕದ ಅಧಿಕಾರ ಜಾರಿಗೆ ಬಂತು. ಕಾಯ್ದೆಯನ್ನು ಮುನ್ನಡೆಸಿದ ವಾಷಿಂಗ್ಟನ್ ರಾಜ್ಯದ ಸೆನೆಟರ್ ವಾರೆನ್ ಮ್ಯಾಗ್ನಸನ್ ಮತ್ತು ಅಲಾಸ್ಕಾದ ಸೆನೆಟರ್ ಟೆಡ್ ಸ್ಟೀವನ್ಸ್ ಅವರ ಹೆಸರಿನಿಂದಲೇ ಈಗ ಅದನ್ನು ಕರೆಯುತ್ತಾರೆ.

ಗಡಿ ಎಳೆದದ್ದು ಅರ್ಧ ಕೆಲಸ. ಒಳಗಿನ ಮೀನನ್ನು ಆಳುವವರು ಯಾರು? ದೂರದ ರಾಜಧಾನಿಯ ಅಧಿಕಾರಿಗಳ ಕೈಗೇ ಎಲ್ಲವನ್ನೂ ಕೊಡಲು ಕರಾವಳಿಯ ಜನ ಸಿದ್ಧರಿರಲಿಲ್ಲ. ಕಾಯ್ದೆ ಕಂಡುಕೊಂಡ ಉತ್ತರವೇ ಈ ಎಂಟು ಮಂಡಳಿ. ರಾಜ್ಯಗಳ ಮೀನುಗಾರಿಕಾ ಮುಖ್ಯಸ್ಥರು, ಕೇಂದ್ರದ ಪ್ರತಿನಿಧಿ, ಅವರ ಜೊತೆಗೆ ರಾಜ್ಯಪಾಲರು ಸೂಚಿಸಿದ ಪಟ್ಟಿಯಿಂದ ವಾಣಿಜ್ಯ ಕಾರ್ಯದರ್ಶಿ ಆರಿಸುವ ಜನರು. ಹೀಗೆ ಆರಿಸಿದ ಸದಸ್ಯರಿಗೆ ಒಂದು ಅವಧಿ ಎಂದರೆ ಮೂರು ವರ್ಷ, ಸತತವಾಗಿ ಮೂರು ಅವಧಿ ದಾಟುವಂತಿಲ್ಲ. ಮಂಡಳಿ ಯೋಜನೆ ಮಾಡುತ್ತದೆ, ಕಾನೂನಿಗೆ ಹೊಂದುತ್ತದೆಯೇ ಎಂದು ನೋಡಿ ವಾಣಿಜ್ಯ ಕಾರ್ಯದರ್ಶಿ ಒಪ್ಪುತ್ತಾರೆ ಅಥವಾ ತಿರಸ್ಕರಿಸುತ್ತಾರೆ. ಸಭೆಯ ದಿನ, ಜಾಗ, ವಿಷಯಪಟ್ಟಿಯನ್ನು ಮುಂಚೆಯೇ ಪ್ರಕಟಿಸಬೇಕು. ಬಾಗಿಲು ತೆರೆದಿರಬೇಕು. ಆಸಕ್ತಿಯುಳ್ಳವರು ಬಾಯಿಮಾತಿನಲ್ಲೋ ಬರಹದಲ್ಲೋ ಅಭಿಪ್ರಾಯ ಹೇಳಲು ಬಿಡಬೇಕು. ಸಿಬ್ಬಂದಿ ವಿಚಾರ, ಕೋರ್ಟಿನ ವ್ಯಾಜ್ಯದಂಥ ಕೆಲವಕ್ಕೆ ಮಾತ್ರ ಬಾಗಿಲು ಮುಚ್ಚಬಹುದು. ಇಷ್ಟೂ ಕಾಯ್ದೆಯ ಅಕ್ಷರದಲ್ಲೇ ಇದೆ.

ಸಭೆ ಸೋತ ಕಾಲ

ವಿದೇಶಿ ಹಡಗುಗಳು ಹಿಂದೆ ಸರಿದ ಕೂಡಲೇ ಅಮೆರಿಕದ ಈಶಾನ್ಯ ಕರಾವಳಿಯಾದ ನ್ಯೂ ಇಂಗ್ಲೆಂಡಿನಲ್ಲಿ ಹೊಸ ಬೋಟುಗಳ ಸುಗ್ಗಿ. ಸರ್ಕಾರವೇ ಸಾಲಕ್ಕೆ ಖಾತರಿ ನಿಂತಿತು. ಅಲ್ಲಿನ ಮಂಡಳಿ ಆರಂಭದಲ್ಲಿ ಕಾಡ್, ಹ್ಯಾಡಕ್ ಮತ್ತು ಚಪ್ಪಟೆ ಮೀನಿಗೆ ಕೋಟಾ ಹಾಕಿತ್ತು. ಕೋಟಾ ಬೇಗ ಮುಗಿಯುತ್ತಿತ್ತು, ಬೋಟು ಕಟ್ಟಿ ನಿಲ್ಲಿಸಬೇಕಾಗುತ್ತಿತ್ತು, ಮೀನುಗಾರರು ಸಭೆಗೆ ಬಂದು ಕೂಗಾಡುತ್ತಿದ್ದರು. 1982ರಲ್ಲಿ ಮಂಡಳಿ ಮಣಿಯಿತು. ಕೋಟಾ ಕೈಬಿಟ್ಟು ಬಲೆಯ ಕಣ್ಣಿನ ಅಳತೆ, ಮೀನಿನ ಕನಿಷ್ಠ ಉದ್ದ ಇಂಥ ನಿಯಮಗಳಿಗೆ ಇಳಿಯಿತು. ಎಷ್ಟು ಹಿಡಿಯಬಹುದು ಎಂಬುದಕ್ಕೆ ಮಿತಿಯೇ ಇಲ್ಲದಾಯಿತು.

ಸಾಲದ ಕಂತು ಕಟ್ಟಬೇಕಾದವನು ಮೈಕಿನ ಮುಂದೆ ನಿಂತು, ಇನ್ನಷ್ಟು ಕಡಿತ ಮಾಡಿದರೆ ಮನೆ ಮುಳುಗುತ್ತದೆ ಎಂದಾಗ ಅವನು ಸುಳ್ಳು ಹೇಳುತ್ತಿರಲಿಲ್ಲ. ಕೇಳುವವರಲ್ಲೂ ಹಲವರು ಅದೇ ಕಸುಬಿನವರು. ಆದರೆ ನಾಳಿನ ಮೀನಿನ ಪರವಾಗಿ ಮಾತಾಡಲು ಹೆಸರು ಬರೆಸುವವರು ಆ ಸಭೆಯಲ್ಲಿ ಕಡಿಮೆ. 1991ರಲ್ಲಿ ಪರಿಸರ ಸಂಘಟನೆಯಾದ ಕನ್ಸರ್ವೇಶನ್ ಲಾ ಫೌಂಡೇಶನ್ ಕೋರ್ಟಿಗೆ ಹೋಗಿ, ಮೀನಿನ ಸಂತತಿ ಉಳಿಸುವ ಯೋಜನೆ ತರುವಂತೆ ಮಾಡಬೇಕಾಯಿತು. 1994ರ ಡಿಸೆಂಬರಿನಲ್ಲಿ ಜಾರ್ಜಸ್ ಬ್ಯಾಂಕ್‌ನ ದೊಡ್ಡ ಭಾಗಗಳನ್ನು ಮುಚ್ಚಲಾಯಿತು. ಹ್ಯಾಡಕ್ ಕಾಲಕ್ರಮೇಣ ಚೇತರಿಸಿಕೊಂಡಿತು, ಕಾಡ್ ಇವತ್ತಿಗೂ ಚೇತರಿಸಿಲ್ಲ. 2013ರಲ್ಲಿ ಮೇನ್ ಕೊಲ್ಲಿಯ ಕಾಡ್ ಮಿತಿಯನ್ನು ಒಂದೇ ಏಟಿಗೆ ಶೇ 77ರಷ್ಟು ಇಳಿಸಬೇಕಾದಾಗ ಸಣ್ಣ ಬೋಟುಗಳವರ ಬದುಕು ಅಲುಗಾಡಿತು. ಮೂವತ್ತು ವರ್ಷ ಮುಂದೂಡಿದ ತೀರ್ಮಾನದ ಬೆಲೆಯನ್ನು ತೆತ್ತವರು ಮುಂದಿನ ಪೀಳಿಗೆಯ ಮೀನುಗಾರರು.

ಈ ಸೋಲು ಕಾಯ್ದೆಯನ್ನೇ ತಿದ್ದಿಸಿತು. 1996ರ ತಿದ್ದುಪಡಿ ಅತಿಯಾಗಿ ಹಿಡಿದ ಮೀನಿನ ಸಂತತಿಯನ್ನು ಮತ್ತೆ ಬೆಳೆಸುವುದನ್ನು ಕಡ್ಡಾಯ ಮಾಡಿತು. ತನ್ನ ಆದಾಯಕ್ಕೆ ನೇರವಾಗಿ ದೊಡ್ಡ ಲಾಭ ತರುವ ವಿಷಯದಲ್ಲಿ ಸದಸ್ಯ ಮತ ಹಾಕುವಂತಿಲ್ಲ ಎಂದಿತು. ಇನ್ನೂ ಮುಖ್ಯವಾದ ತಿದ್ದುಪಡಿಗೆ 2007ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಸಹಿ ಮಾಡಿದರು. ಅದರ ಪ್ರಕಾರ ಪ್ರತಿ ಮಂಡಳಿಯ ವಿಜ್ಞಾನ ಸಮಿತಿ ಮೀನು ಹಿಡಿಯುವುದರ ಮೇಲ್ಮಿತಿ ಹೇಳುತ್ತದೆ. ಮಂಡಳಿ ಅದಕ್ಕಿಂತ ಕೆಳಗೆ ಇಳಿಯಬಹುದು, ಮೇಲೆ ಹೋಗುವಂತಿಲ್ಲ. ಜನ ಎಷ್ಟೇ ಕೂಗಲಿ, ಆ ಗೆರೆ ಕದಲುವುದಿಲ್ಲ. ಗೆರೆಯ ಒಳಗೆ ಯಾರು, ಎಲ್ಲಿ, ಯಾವಾಗ, ಹೇಗೆ ಹಿಡಿಯಬೇಕು ಎಂಬುದು ಸಭೆಯ ಪಾಲಿನ ಕೆಲಸ.

ಮೀನುಗಾರನ ಮಾತು ನಿಜವಾದಾಗ

ಹಾಗೆಂದು ಮೈಕಿನ ಮುಂದಿನ ಮಾತಿಗೆ ಬೆಲೆ ಕಡಿಮೆಯಾಯಿತೆಂದಲ್ಲ. ನ್ಯೂ ಬೆಡ್‌ಫೋರ್ಡಿನ ಸ್ಕಾಲಪ್ ಮೀನುಗಾರಿಕೆ ಅದಕ್ಕೆ ಸಾಕ್ಷಿ. ಸ್ಕಾಲಪ್ ಎಂದರೆ ಕಡಲ ತಳದಲ್ಲಿ ಬದುಕುವ, ಬೀಸಣಿಗೆಯಾಕಾರದ ಚಿಪ್ಪಿನ ಜೀವಿ. 1994ರಲ್ಲಿ ಕಾಡ್, ಹ್ಯಾಡಕ್ ಉಳಿಸಲೆಂದು ಮುಚ್ಚಿದ ಜಾಗದಲ್ಲಿ ಸ್ಕಾಲಪ್ ಹಿಡಿಯುವುದೂ ನಿಂತಿತ್ತು. ನಾಲ್ಕೇ ವರ್ಷದಲ್ಲಿ ಅಲ್ಲಿನ ಸ್ಕಾಲಪ್ ರಾಶಿ 14 ಪಟ್ಟು ಬೆಳೆಯಿತು. ಒಳಗೆ ಸ್ಕಾಲಪ್ ತುಂಬಿದೆ, ನೋಡಲಿಕ್ಕಾದರೂ ಬಿಡಿ ಎಂದು ಬೋಟಿನವರು ಪಟ್ಟು ಹಿಡಿದರು. ಬರೀ ಮಾತಿನಿಂದ ಆಗದೆಂದು ತಮ್ಮ ಬೋಟುಗಳನ್ನೇ ಸಮೀಕ್ಷೆಗೆ ಕೊಟ್ಟರು. ಮುಚ್ಚಿದ ಜಾಗದ ಒಂದು ಭಾಗವನ್ನು 1999ರಲ್ಲಿ ಮಿತಿಯೊಳಗೆ ತೆರೆದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಡಾರ್ಟ್‌ಮತ್ ಕೇಂದ್ರದ ಕೆವಿನ್ ಸ್ಟೋಕ್ಸ್‌ಬರಿ ಮತ್ತವರ ತಂಡ ಪಿರಮಿಡ್ ಆಕಾರದ ಉಕ್ಕಿನ ಚೌಕಟ್ಟಿಗೆ ಕ್ಯಾಮೆರಾ, ದೀಪ ಕಟ್ಟಿ ಬೋಟಿನಿಂದ ತಳಕ್ಕೆ ಇಳಿಸಿತು. ಚೌಕಟ್ಟು ತಳ ಮುಟ್ಟಿ ನಿಂತಾಗ ಕೆಳಗೆ ಕಾಣುವ ಸ್ಕಾಲಪ್‌ಗಳನ್ನು ಎಣಿಸುವುದು, ಎತ್ತಿ ಮುಂದಿನ ಜಾಗದಲ್ಲಿ ಮತ್ತೆ ಇಳಿಸುವುದು. ಹೀಗೆ ಎಣಿಸಿದ ಲೆಕ್ಕ ಸಭೆಗೆ ಬಂತು. ರೈತರು ಸರದಿಯಂತೆ ಹೊಲವನ್ನು ಬೀಳು ಬಿಡುವ ಹಾಗೆ, 2004ರಿಂದ ಕಡಲ ತಳದ ಭಾಗಗಳನ್ನು ಮುಚ್ಚಿ, ಮರಿಗಳು ಬೆಳೆದ ಮೇಲೆ ತೆರೆಯುವ ಪದ್ಧತಿ ಬಂತು. ಹಿಡಿದ ಮೀನಿನ ಮೌಲ್ಯದಲ್ಲಿ ನ್ಯೂ ಬೆಡ್‌ಫೋರ್ಡ್ ವರ್ಷಗಟ್ಟಲೆ ಅಮೆರಿಕದ ಮೊದಲ ಬಂದರಾಗಿ ನಿಂತದ್ದು ಈ ಸ್ಕಾಲಪ್‌ನಿಂದ.

ಅಲಾಸ್ಕಾದ ಹಾಲಿಬಟ್ ಮೀನಿನ ಕಥೆ ಇನ್ನೊಂದು ಬಗೆಯದು. 1990ರ ದಶಕದ ಆರಂಭದಲ್ಲಿ ಅಲ್ಲಿ ವರ್ಷಕ್ಕೆ ಎರಡು ಮೂರು ದಿನ ಮಾತ್ರ, ಒಂದೊಂದು ಸಲ 24 ಗಂಟೆ, ಹಾಲಿಬಟ್ ಹಿಡಿಯಲು ಅವಕಾಶ. ಆ ದಿನ ಬಿರುಗಾಳಿ ಎದ್ದಿದ್ದರೂ ಬೋಟು ಹೊರಡಲೇಬೇಕು. ನಿದ್ದೆಯಿಲ್ಲದೆ ಗಾಳದ ಸಾಲು ಎಳೆಯುತ್ತಾ ಜನ ಸಾಯುತ್ತಿದ್ದರು. ವರ್ಷದ ಮೀನೆಲ್ಲ ಒಮ್ಮೆಗೇ ಬಂದು ಬೀಳುವುದರಿಂದ ದರವೂ ಸಿಗುತ್ತಿರಲಿಲ್ಲ. ವರ್ಷಗಟ್ಟಲೆ ಸಭೆಗಳ ಬಳಿಕ 1991ರಲ್ಲಿ ಮಂಡಳಿ ಪ್ರತಿಯೊಬ್ಬರಿಗೂ ಪಾಲು ಹಂಚುವ ಪದ್ಧತಿಗೆ ಒಪ್ಪಿತು, 1995ರಲ್ಲಿ ಅದು ಜಾರಿಯಾಯಿತು. ತನ್ನ ಪಾಲು ತನಗೇ ಇದೆ ಎಂದಾಗ ಅವಸರ ತಪ್ಪಿತು, ಋತು ತಿಂಗಳುಗಟ್ಟಲೆ ಹಿಗ್ಗಿತು, ತಾಜಾ ಮೀನಿಗೆ ದರ ಬಂತು. ಆದರೆ ಪಾಲು ಮಾರಬಹುದಾದ ಕಾರಣ ಸಣ್ಣ ಹಳ್ಳಿಗಳ ಕೈಯಿಂದ ಅದು ಜಾರತೊಡಗಿತು. ಹೊಸದಾಗಿ ಕಸುಬಿಗೆ ಇಳಿಯುವ ಹುಡುಗರಿಗೆ ಪಾಲಿನ ಬೆಲೆ ಕೈಗೆಟುಕದಾಯಿತು. ಆ ದೂರೂ ಅದೇ ಸಭೆಗೆ ಬಂತು. ಹಳ್ಳಿಗಳು ಒಟ್ಟಾಗಿ ಪಾಲು ಕೊಳ್ಳಲು ಮಂಡಳಿ ಆಮೇಲೆ ದಾರಿ ಮಾಡಿಕೊಟ್ಟಿತು.

ಯಾರಿಗೆ ಕುರ್ಚಿ?

ಈಗಿನ ದೊಡ್ಡ ತಕರಾರು ಯೂಕಾನ್ ನದಿಯ ದಂಡೆಯ ಆದಿವಾಸಿ ಹಳ್ಳಿಗಳದ್ದು. ಅವರ ಊಟ, ಹಬ್ಬ, ಚಳಿಗಾಲದ ದಾಸ್ತಾನು ಎಲ್ಲವೂ ನದಿಗೆ ಏರಿಬರುವ ಸಾಲ್ಮನ್ ಮೀನು. ಆ ಮೀನು ಈಗ ವಿರಳವಾಗಿ, ಮನೆಮಂದಿಗೆ ಹಿಡಿದುಕೊಳ್ಳುವುದಕ್ಕೂ ನಿರ್ಬಂಧ ಬಿದ್ದಿದೆ. ಅತ್ತ ಬೇರಿಂಗ್ ಸಮುದ್ರದ ಪೊಲಾಕ್ ಬಲೆಗಳಿಗೆ 2021ರಲ್ಲಿ ಐದು ಲಕ್ಷಕ್ಕೂ ಹೆಚ್ಚು ಚಮ್ ಸಾಲ್ಮನ್ ಬಿದ್ದವು. ವಂಶವಾಹಿ ಪರೀಕ್ಷೆಯಂತೆ ಅದರಲ್ಲಿ ಪಶ್ಚಿಮ ಅಲಾಸ್ಕಾದ ನದಿಗಳಿಗೆ ಸೇರಿದ್ದು ಸುಮಾರು ಹತ್ತರಲ್ಲಿ ಒಂದು ಭಾಗ. ಹೆಚ್ಚಿನವು ಏಷ್ಯಾದ ಮೂಲದವು. ಕಡಲು ಬಿಸಿಯಾದದ್ದೇ ಸಾಲ್ಮನ್ ಕುಸಿತಕ್ಕೆ ಮುಖ್ಯ ಕಾರಣ ಎಂದು ಪೊಲಾಕ್ ಕಂಪನಿಗಳು ವಾದಿಸುತ್ತವೆ. ಒಂದು ಮೀನೂ ಒಣಗಿಸಲಾಗದ ನಮಗೆ ನದಿಗೆ ಮರಳಬೇಕಿದ್ದ ಒಂದೊಂದು ಮೀನೂ ಲೆಕ್ಕವೇ ಎಂದು ಹಳ್ಳಿಯವರು ಹೇಳುತ್ತಾರೆ.

ವಿಮಾನ ಹತ್ತಿ ನಗರಕ್ಕೆ ಬಂದು ಮೂರು ನಿಮಿಷ ಮಾತಾಡುವುದು ಅವರಿಗೆ ದುಬಾರಿ. ಕೋವಿಡ್ ಕಾಲದಲ್ಲಿ ಶುರುವಾದ ಆನ್‌ಲೈನ್ ಹಾಜರಿ ಇದನ್ನು ತುಸು ಸುಲಭ ಮಾಡಿತು. ಆದರೆ ಎಂಟರಲ್ಲಿ ಇನ್ನೊಂದಾದ ಪೆಸಿಫಿಕ್ ಮಂಡಳಿಯಲ್ಲಿ ಬುಡಕಟ್ಟುಗಳಿಗೆಂದು ಮತವುಳ್ಳ ಸ್ಥಾನವೊಂದು ಕಾಯ್ದೆಯಲ್ಲೇ ಇರುವಾಗ, ಅಲಾಸ್ಕಾದ ಮಂಡಳಿಯಲ್ಲಿ ಅಂಥ ಮೀಸಲು ಸ್ಥಾನವಿಲ್ಲ. ಆ ಸ್ಥಾನಕ್ಕಾಗಿ ಅವರು ಕೇಳುತ್ತಲೇ ಇದ್ದಾರೆ. ಅದು ನ್ಯಾಯವಾದ ಬೇಡಿಕೆ. ಮಾತಿಗೆ ಅವಕಾಶ ಕೊಟ್ಟು ಮತಕ್ಕೆ ಕೊಡದಿದ್ದರೆ ಸಭೆ ಅರ್ಧವಷ್ಟೇ ತೆರೆದಂತೆ.

ಅಮೆರಿಕ 200 ಮೈಲಿಯ ಗಡಿ ಹಾಕಿದ ಅದೇ 1976ರಲ್ಲಿ ಭಾರತವೂ ಸಾಗರ ವಲಯಗಳ ಕಾಯ್ದೆ ಮಾಡಿ 200 ಮೈಲಿಯ ಆರ್ಥಿಕ ವಲಯ ಘೋಷಿಸಿಕೊಂಡಿತು. ಮಲ್ಪೆ, ಮಂಗಳೂರಿನಿಂದ ಹೊರಡುವ ಆಳಸಮುದ್ರದ ಬೋಟುಗಳು ದುಡಿಯುವುದು ಆ ವಲಯದಲ್ಲೇ. ಆದರೆ ಮೀನುಗಾರನಿಗೆ ಕುರ್ಚಿ ಮತ್ತು ಮತ ಕೊಡುವ ಪ್ರಾದೇಶಿಕ ಮಂಡಳಿಯ ಯೋಚನೆ ನಮ್ಮ ಕಾಯ್ದೆಯಲ್ಲಿ ಇರಲಿಲ್ಲ. 12 ಮೈಲಿವರೆಗೆ ರಾಜ್ಯ, ಆಚೆಗೆ ಕೇಂದ್ರ. ನಿಯಮ ಆದೇಶವಾಗಿ ಬರುತ್ತದೆ, ಮೀನುಗಾರರು ಮನವಿ ಹಿಡಿದು ಹೋಗುತ್ತಾರೆ. ಮಳೆಗಾಲದ 61 ದಿನಗಳ ರಜೆ ಸಾಕೇ, ಬೆಳಕು ಹಾಯಿಸಿ ಹಿಡಿಯುವವರನ್ನು ತಡೆಯುವುದು ಹೇಗೆ, ನಾಡದೋಣಿಯವರ ಪಾಲು ಯಾವುದು ಎಂಬ ಪ್ರಶ್ನೆಗಳನ್ನು ಎಲ್ಲರೆದುರು ಕೂತು, ಲೆಕ್ಕ ಮುಂದಿಟ್ಟು, ಹೆಸರು ಹೇಳಿ ಮತ ಹಾಕಿ ತೀರ್ಮಾನಿಸುವ ಜಾಗ ನಮ್ಮ ಕರಾವಳಿಗೂ ಬೇಕು. ಅಮೆರಿಕದ ಐವತ್ತು ವರ್ಷಗಳ ಅನುಭವ ಎರಡು ಷರತ್ತುಗಳನ್ನು ಮುಂದಿಡುತ್ತದೆ: ಎಷ್ಟು ಹಿಡಿಯಬಹುದೆಂಬ ಮಿತಿಯನ್ನು ವಿಜ್ಞಾನ ಹೇಳಲಿ, ಅದು ಯಾರ ಒತ್ತಡಕ್ಕೂ ಬಗ್ಗದಿರಲಿ. ಆ ಮಿತಿಯೊಳಗಿನ ಪಾಲನ್ನು ಹಂಚುವಾಗ ಕಡಲಿಗೆ ಹೋಗುವವರು ಕುರ್ಚಿಯಲ್ಲಿ ಕೂತಿರಲಿ, ಬಾಗಿಲು ತೆರೆದಿರಲಿ. ಮೊದಲನೆಯದನ್ನು ಬಿಟ್ಟ ನ್ಯೂ ಇಂಗ್ಲೆಂಡ್ ತನ್ನ ಕಾಡ್ ಕಳೆದುಕೊಂಡಿತು. ಎರಡನೆಯದನ್ನು ಬಿಟ್ಟರೆ ನಿಯಮಗಳು ಹಾಳೆಯ ಮೇಲೆ ಉಳಿಯುತ್ತವೆ, ಕಡಲಿನಲ್ಲಿ ಯಾರೂ ಪಾಲಿಸುವುದಿಲ್ಲ.