ತುರಹಳ್ಳಿ ಕಾಡು: ತಪ್ಪು ಕಲ್ಪನೆ ಮತ್ತು ವಾಸ್ತವ

ಬೆಂಗಳೂರಿನ ಗಿರಿನಗರದಿಂದ ಕತ್ರಿಗುಪ್ಪೆ, ಉತ್ತರಹಳ್ಳಿ ದಾಟಿ ಹೋದರೆ ತುರಹಳ್ಳಿ ಕಾಡು ಸಿಗುತ್ತದೆ. ಸುಮಾರು 600 ಎಕರೆ. ಸುತ್ತಲೂ ಅಪಾರ್ಟ್‌ಮೆಂಟುಗಳು ಎದ್ದಿವೆ. ಈ ಕಾಡಿನ ಬಗ್ಗೆ, ಒಟ್ಟಾರೆ ಕಾಡುಗಳ ಬಗ್ಗೆ ನಮ್ಮ ಕಡೆ ಆಡುವ ಕೆಲವು ಮಾತುಗಳು ಕಾಡಿಗೇ ಕುತ್ತು ತರುವಂಥವು.

ತಪ್ಪು ಕಲ್ಪನೆ: ಅದೆಂಥ ಕಾಡು? ಬರೀ ಬಂಡೆ, ಕುರುಚಲು.

ಮಲೆನಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಬಯಲುಸೀಮೆಯ ಕಾಡನ್ನು ಅಳೆಯಬಾರದು. ಇಲ್ಲಿನ ಮಳೆಗೆ, ಮಣ್ಣಿಗೆ ಒಗ್ಗಿದ ಕಾಡು ಇರುವುದೇ ಹೀಗೆ: ಜಾಲಿ, ಕಾರೆ, ಬಂದರೆ, ನಡುನಡುವೆ ಹುಲ್ಲು. ಗೌಜಲಹಕ್ಕಿ ಮೊಟ್ಟೆಯಿಡುವುದು ಮರದ ಮೇಲಲ್ಲ, ಪೊದೆಯ ಮರೆಯ ನೆಲದಲ್ಲಿ. ಓತಿಕ್ಯಾತಕ್ಕೆ ಕಾದ ಬಂಡೆಯೇ ಮನೆ. ಪೊದೆ ಸವರಿ ಚೊಕ್ಕಟ ಮಾಡಿದರೆ ಇವು ಹೋಗಿ ಇರುವುದೆಲ್ಲಿ?

ತಪ್ಪು ಕಲ್ಪನೆ: ಸಸಿ ನೆಟ್ಟು ಪಾರ್ಕ್ ಮಾಡಿದರೆ ಕಾಡು ಉಳಿಯುತ್ತದೆ.

ಪಾರ್ಕ್ ಬೇಕಾದ್ದು ಜನರಿಗೆ. ಕಾಡಿಗೆ ಬೇಕಾದ್ದು ಅದರ ಪಾಡಿಗೆ ಬಿಡುವುದು. 2021ರ ಫೆಬ್ರುವರಿಯಲ್ಲಿ ತುರಹಳ್ಳಿಯಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆಯ ವಿರುದ್ಧ ಸುತ್ತಲಿನ ನಿವಾಸಿಗಳು, ಸೈಕಲ್ ಸವಾರರು, ಹಕ್ಕಿ ನೋಡುವವರು ಒಟ್ಟಾಗಿ ನಿಂತರು. ಸರ್ಕಾರ ಯೋಜನೆ ಕೈಬಿಟ್ಟಿತು. ಅಂದು ಅವರು ಸುಮ್ಮನಿದ್ದಿದ್ದರೆ ಇಂದು ಅಲ್ಲಿ ಇನ್ನೊಂದು ಉದ್ಯಾನ ಇರುತ್ತಿತ್ತು.

ತಪ್ಪು ಕಲ್ಪನೆ: ಬನ್ನೇರುಘಟ್ಟ ಎಂದರೆ ಝೂ, ಸಫಾರಿ.

ಅವು ಜೈವಿಕ ಉದ್ಯಾನದ ಪಾಲು. ಅದರಾಚೆಯ ರಾಷ್ಟ್ರೀಯ ಉದ್ಯಾನ ಸುಮಾರು 260 ಚದರ ಕಿಲೋಮೀಟರ್‌ನ ಕಾಡು, ಆನೆಗಳ ನೆಲೆ. ಅದನ್ನು ಕಾಯಲು ಸುತ್ತ ಗುರುತಿಸಿದ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ಕಳೆದುಹೋದ ಆ 100 ಚದರ ಕಿಲೋಮೀಟರ್ ನನ್ನ ಮಟ್ಟಿಗೆ ದೊಡ್ಡ ಸೋಲು.

ತಪ್ಪು ಕಲ್ಪನೆ: ಕಾಡುಪ್ರಾಣಿಗಳನ್ನು ಕಾಯುವುದು ಇಲಾಖೆಯ ಕೆಲಸ. ಸಂರಕ್ಷಿತ ಪ್ರದೇಶ ಎಂದರೆ ಜನ ಜಾಗ ಬಿಡಬೇಕು.

ಎರಡಕ್ಕೂ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರೇ ಉತ್ತರ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರಗಳಲ್ಲಿ, ಮನೆಗಳ ಮಾಡಿನ ಪಕ್ಕದಲ್ಲೇ. ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಎಂಬ ನಂಬಿಕೆ. ಹಿಕ್ಕೆ ಗದ್ದೆಗೆ ಗೊಬ್ಬರ. ಗೂಡಿರುವ ಮರದ ಹುಣಸೆ ಬಿಟ್ಟುಕೊಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರೊಂದಿಗೆ ಸೇರಿ ಊರಿನವರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿದರು. 2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಜನ ತಾವಾಗಿ ಮುಂದೆ ಬಂದ ಸಮುದಾಯದ ಅಥವಾ ಖಾಸಗಿ ಜಾಗವನ್ನು ಮಾತ್ರ ಹೀಗೆ ಘೋಷಿಸಬಹುದು. ಯಾರೂ ಊರು ಬಿಡಲಿಲ್ಲ.

ತುರಹಳ್ಳಿ ಸರ್ಕಾರದ ಅರಣ್ಯ, ಕಾನೂನು ಬೇರೆ. ಆದರೂ ಕಾಯುವ ಕಣ್ಣು ನಮ್ಮದಾಗಬಹುದು.

ತಪ್ಪು ಕಲ್ಪನೆ: ಬೇಸಿಗೆಯ ಬೆಂಕಿ ತಾನಾಗಿ ಹತ್ತಿಕೊಳ್ಳುತ್ತದೆ.

ನಮ್ಮ ಕಾಡುಗಳ ಬೆಂಕಿಗೆ ಹೆಚ್ಚಾಗಿ ಮನುಷ್ಯನೇ ಕಾರಣ. ಬೀಡಿಯ ತುಂಡು, ಕಸಕ್ಕೆ ಇಟ್ಟ ಕಡ್ಡಿ ಸಾಕು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಾಡಿನತ್ತ ಹೋದಾಗ ಹೊಗೆ ಕಂಡರೆ ಫೋಟೊ ತೆಗೆಯುತ್ತ ನಿಲ್ಲಬೇಡಿ, ತಕ್ಷಣ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.