ಎಷ್ಟು ಪುಟ ಬರೆದೆ ಎಂಬುದಲ್ಲ ಪ್ರಶ್ನೆ

ಇತಿಹಾಸದ ಪರೀಕ್ಷೆ ಮುಗಿಸಿ ಹೊರಗೆ ಬರುತ್ತಿದ್ದಂತೆ ಮಕ್ಕಳು ಒಬ್ಬರನ್ನೊಬ್ಬರು ಕೇಳುವುದು "ಎಷ್ಟು ಪುಟ ಬರೆದೆ?" ಎಂದು. ಬಂಗಾರಪೇಟೆಯಲ್ಲೂ ಅಷ್ಟೆ, ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲೂ ಅಷ್ಟೆ. ಪ್ರಶ್ನೆ ನಿಜವಾಗಿ ಏನು ಕೇಳಿತ್ತು ಎಂಬ ಮಾತು ಅಪರೂಪಕ್ಕೆ ಬರುತ್ತದೆ. ಚೆನ್ನಾಗಿ ಓದಿಕೊಂಡ ಮಕ್ಕಳೂ ಹತ್ತು ಅಂಕದ ಪ್ರಶ್ನೆಯಲ್ಲಿ ಐದಾರಕ್ಕೆ ನಿಂತುಬಿಡುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಅವರನ್ನು ಕೆಳಗೆಳೆಯುವುದು ಉತ್ತರ ಬರೆಯುವ ಬಗೆಗಿನ ಕೆಲವು ಹಳೆಯ ನಂಬಿಕೆಗಳು.

ನಂಬಿಕೆ: ಗೊತ್ತಿರುವುದನ್ನೆಲ್ಲ ಬರೆದುಬಿಟ್ಟರೆ ಅಂಕ ಬಂದೇ ಬರುತ್ತದೆ.

ನಮ್ಮ ನೆಲದ್ದೇ ಒಂದು ಪ್ರಶ್ನೆ ಇಟ್ಟುಕೊಳ್ಳೋಣ: "ಮೈಸೂರು ಸಂಸ್ಥಾನದ ಆಧುನೀಕರಣಕ್ಕೆ ಕೋಲಾರದ ಚಿನ್ನದ ಗಣಿಗಳು ಎಷ್ಟರ ಮಟ್ಟಿಗೆ ನೆರವಾದವು? ಚರ್ಚಿಸಿ." ಕೆಜಿಎಫ್‌ನಲ್ಲಿ ಬೆಳೆದ ಹುಡುಗ ಇದನ್ನು ನೋಡಿದೊಡನೆ ಹಿಗ್ಗುತ್ತಾನೆ. 1802ರಲ್ಲಿ ಸರ್ವೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್‌ನಿಂದ ಶುರು ಮಾಡುತ್ತಾನೆ. 1873ರಲ್ಲಿ ಗಣಿಗಾರಿಕೆಗೆ ಅನುಮತಿ ಕೇಳಿ ಅರ್ಜಿ ಹಾಕಿದ ಲಾವೆಲ್ ಬರುತ್ತಾನೆ. ಆಮೇಲೆ 1880ರ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ, ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಚಾಂಪಿಯನ್ ರೀಫ್, ಕೊನೆಗೆ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ್ದು. ನಾಲ್ಕು ಪುಟ ತುಂಬಿತು. ಒಂದು ಸಾಲೂ ಸುಳ್ಳಲ್ಲ. ಆದರೆ ಕೇಳಿದ್ದಕ್ಕೆ ಉತ್ತರವೇ ಇಲ್ಲ.

ಗಣಿಯ ಕಥೆ ಹೇಳಿ ಎಂದು ಯಾರೂ ಕೇಳಲಿಲ್ಲ. ಕೇಳಿದ್ದು ಆಧುನೀಕರಣದ ಬಗ್ಗೆ, ಅದೂ "ಎಷ್ಟರ ಮಟ್ಟಿಗೆ" ಎಂದು. ಹಾಗೆ ಕೇಳಿದಾಗ ನೆರವಾದದ್ದನ್ನೂ ಹೇಳಬೇಕು, ನೆರವಾಗದೆ ಹೋದದ್ದನ್ನೂ ಹೇಳಬೇಕು, ಎರಡನ್ನೂ ತೂಗಿ ಒಂದು ತೀರ್ಮಾನಕ್ಕೆ ಬರಬೇಕು. ಮೌಲ್ಯಮಾಪಕರ ಮುಂದೆ ಉತ್ತರದಲ್ಲಿ ಬರಬೇಕಾದ ಅಂಶಗಳ ಪಟ್ಟಿ ಇರುತ್ತದೆ. ಒಂದೇ ಅಂಶವನ್ನು ಎರಡು ಪುಟ ಎಳೆದರೂ ಅದಕ್ಕೆ ಅಂಕ ಒಂದೇ ಸಲ. ಮುಂದೆ ಯುಪಿಎಸ್‌ಸಿ ಮುಖ್ಯ ಪರೀಕ್ಷೆ ಬರೆಯುವ ಆಸೆ ಇರುವವರಂತೂ ಈ ಚಟವನ್ನು ಈಗಲೇ ಬಿಡಬೇಕು. ಅಲ್ಲಿನ ಸಾಮಾನ್ಯ ಅಧ್ಯಯನ ಪತ್ರಿಕೆಗಳಲ್ಲಿ 15 ಅಂಕದ ಉತ್ತರಕ್ಕೆ 250 ಪದಗಳ ಮಿತಿ.

ನಂಬಿಕೆ: ಯೋಜನೆ ಹಾಕುತ್ತಾ ಕೂತರೆ ಟೈಮ್ ಸಾಲದು.

ಮೂರು ಗಂಟೆಯಲ್ಲಿ 80 ಅಂಕ ಎಂದರೆ ಹತ್ತು ಅಂಕದ ಪ್ರಶ್ನೆಗೆ ಸುಮಾರು ಇಪ್ಪತ್ತೆರಡು ನಿಮಿಷ ಸಿಗುತ್ತದೆ. ಅದರಲ್ಲಿ ಮೂರು ನಿಮಿಷ ಹಾಳೆಯ ಕೊನೆಯಲ್ಲಿ ಪೆನ್ಸಿಲ್ಲಿನಿಂದ ಗೀಚಲು ಕೊಟ್ಟರೆ, ಮಿಕ್ಕ ಹತ್ತೊಂಬತ್ತು ನಿಮಿಷ ಕೈ ಎಲ್ಲೂ ನಿಲ್ಲುವುದಿಲ್ಲ. ಮಧ್ಯದಲ್ಲಿ ಪೆನ್ನು ಕಚ್ಚುತ್ತಾ ಚಾವಣಿ ನೋಡುವವರು ಸಾಮಾನ್ಯವಾಗಿ ಯೋಜನೆ ಇಲ್ಲದೆ ಶುರು ಮಾಡಿದವರೇ.

ಮೇಲಿನ ಪ್ರಶ್ನೆಗೇ ಆ ಗೀಚು ಹೇಗಿರಬಹುದು ನೋಡಿ. ಎಡಗಡೆ "ಹೌದು" ಎಂದು ಬರೆದು ಅದರ ಕೆಳಗೆ: 1894ರಲ್ಲಿ ಬೌರಿಂಗ್‌ಪೇಟೆ (ಈಗಿನ ಬಂಗಾರಪೇಟೆ)–ಮಾರಿಕುಪ್ಪಂ ರೈಲು, 1902ರಲ್ಲಿ ಶಿವನಸಮುದ್ರದ ವಿದ್ಯುತ್, ಸಂಸ್ಥಾನದ ಬೊಕ್ಕಸಕ್ಕೆ ಬಂದ ರಾಜಧನ. ಬಲಗಡೆ "ಆದರೆ" ಎಂದು ಬರೆದು: ಲಾಭಾಂಶ ಲಂಡನ್ನಿನ ಷೇರುದಾರರಿಗೆ, ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯಿಂದ ಬಂದ, ಹೆಚ್ಚಿನವರು ದಲಿತರೇ ಆಗಿದ್ದ ಕಾರ್ಮಿಕರಿಗೆ ಇಕ್ಕಟ್ಟಿನ ಲೈನು ಮನೆಗಳ ಬದುಕು. ಕೆಳಗೆ ಒಂದು ಸಾಲು ತೀರ್ಮಾನ: ಗಣಿ ಅವಕಾಶ ಒದಗಿಸಿತು, ಅದನ್ನು ನಾಡಿನ ಅಭಿವೃದ್ಧಿಗೆ ತಿರುಗಿಸಿದ್ದು ದಿವಾನರ ಆಡಳಿತ.

ಇಷ್ಟೇ ಯೋಜನೆ. ಈಗ ವಾರನ್‌ಗೆ ಜಾಗ ಬೇಕೇ ಎಂದು ಕೇಳಿಕೊಳ್ಳಿ. ಅರ್ಧ ಸಾಲು ಸಾಕು. 2001ಕ್ಕೆ ಜಾಗವೇ ಬೇಡ, ಆ ಹೊತ್ತಿಗೆ ಮೈಸೂರು ಸಂಸ್ಥಾನವೇ ಇರಲಿಲ್ಲ. ವಿದ್ಯುತ್ತಿಗೆ ಮಾತ್ರ ಪೂರ್ತಿ ಒಂದು ಪ್ಯಾರಾ ಕೊಡಬೇಕು. ಏಕೆಂದರೆ ಪ್ರಶ್ನೆಯ ಎರಡು ಮಗ್ಗುಲೂ ಅಲ್ಲಿ ಒಟ್ಟಿಗೆ ಕಾಣುತ್ತವೆ. ಕಾವೇರಿಯ ನೀರಿನಿಂದ ತೆಗೆದ ವಿದ್ಯುತ್ತು ಸುಮಾರು 147 ಕಿಲೋಮೀಟರು ಸಾಗಿ ಮೊದಲು ತಲುಪಿದ್ದು ಗಣಿಯ ಯಂತ್ರಗಳನ್ನು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ವಿದ್ಯುತ್ತನ್ನು ಕೊಳ್ಳಲು ಗಣಿಯಂಥ ದೊಡ್ಡ ಗಿರಾಕಿ ಇದ್ದುದರಿಂದಲೇ ಅಷ್ಟು ದೊಡ್ಡ ಯೋಜನೆಗೆ ಸಂಸ್ಥಾನ ಕೈಹಾಕಲು ಸಾಧ್ಯವಾಯಿತು. ಆದರೂ ಮೊದಲ ಫಲ ಕಂಪನಿಗೆ, ಆಮೇಲೆ ಊರಿಗೆ. ಈ ಎರಡು ಮಾತನ್ನು ಪಕ್ಕಪಕ್ಕದಲ್ಲಿಟ್ಟ ವಿದ್ಯಾರ್ಥಿ ಆಗಲೇ "ಚರ್ಚಿಸಿ"ದ ಹಾಗಾಯಿತು.

ನಂಬಿಕೆ: ಇತಿಹಾಸ ಎಂದರೆ ಇಸವಿಗಳ ಬಾಯಿಪಾಠ.

ಇಸವಿ ಬೇಕು, ಆದರೆ ಯಾವುದು ಮೊದಲು ಯಾವುದು ಆಮೇಲೆ ಎಂದು ತಿಳಿಯುವುದಕ್ಕೆ ಬೇಕು. ಶಿವನಸಮುದ್ರದ ವಿದ್ಯುತ್ ಯೋಜನೆಯನ್ನು ಸರ್ ಎಂ. ವಿಶ್ವೇಶ್ವರಯ್ಯನವರ ಸಾಧನೆಗಳ ಪಟ್ಟಿಗೆ ಸೇರಿಸುವವರು ಎಷ್ಟೋ ಜನ. ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರ್ ಆದದ್ದು 1909ರಲ್ಲಿ, ದಿವಾನರಾದದ್ದು 1912ರಲ್ಲಿ. ಯೋಜನೆ ರೂಪುಗೊಂಡದ್ದು ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ. 1902ರಲ್ಲಿ ಅದು ಚಾಲೂ ಆಗುವ ಮೊದಲೇ, 1901ರಲ್ಲಿ, ಅವರು ತೀರಿಕೊಂಡಿದ್ದರು. ನಾಲ್ಕು ಇಸವಿಗಳನ್ನು ಸಾಲಾಗಿ ಇಟ್ಟುಕೊಂಡಿದ್ದರೆ ಈ ತಪ್ಪು ಆಗುವುದೇ ಇಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಗಟ್ಟಿಯಾಗಿ ಬೇರೂರಿದೆ: 1947ರಲ್ಲಿ ಸ್ವಾತಂತ್ರ್ಯ ಬಂದೊಡನೆ ಗಣಿ ನಮ್ಮದಾಯಿತು ಎಂಬುದು. ಆಮೇಲೂ ಗಣಿ ನಡೆಸಿದ್ದು ಜಾನ್ ಟೇಲರ್ ಕಂಪನಿಯೇ. ಮೈಸೂರು ಸರ್ಕಾರ ವಹಿಸಿಕೊಂಡದ್ದು 1956ರಲ್ಲಿ, ಕೇಂದ್ರದ ಕೈಗೆ ಹೋದದ್ದು 1962ರಲ್ಲಿ, ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆದದ್ದು 1972ರಲ್ಲಿ.

ನಂಬಿಕೆ: ಮನೆಯಲ್ಲಿ ಕೇಳಿದ್ದು ಇತಿಹಾಸವಲ್ಲ, ಪರೀಕ್ಷೆಯಲ್ಲಿ ಬರೆಯಬಾರದು.

ತಾತ ಶಾಫ್ಟಿಗಿಳಿದವರು, ಪಾಳಿ ಮುಗಿದ ಮೇಲೆ ಗೇಟಿನಲ್ಲಿ ಮೈಯೆಲ್ಲ ತಡಕಿಸಿಕೊಂಡವರು. ಇಂಥ ಮಾತು ಕೆಜಿಎಫ್‌ನ ಮನೆಮನೆಯಲ್ಲಿದೆ. ಇತಿಹಾಸಕಾರರಿಗೆ ಅದು ಮೌಖಿಕ ಆಕರ. ಉತ್ತರದಲ್ಲಿ ಅದನ್ನು "ನಮ್ಮ ತಾತ ಹೇಳಿದರು" ಎಂದು ತುರುಕಿದರೆ ಪ್ರಯೋಜನವಿಲ್ಲ, ಒಂದು ದಾಖಲಾದ ಘಟನೆಯ ಜೊತೆ ಸೇರಿಸಬೇಕು. 1930ರಲ್ಲಿ ಬೆರಳಚ್ಚು ನೋಂದಣಿಯನ್ನು ವಿರೋಧಿಸಿ ಗಣಿ ಕಾರ್ಮಿಕರು ಮುಷ್ಕರ ಹೂಡಿದ್ದರು. ಕಾರ್ಮಿಕರನ್ನು ಕಳ್ಳರಂತೆ ನೋಡುವ ವ್ಯವಸ್ಥೆಯ ವಿರುದ್ಧ ಎದ್ದ ಸಿಟ್ಟು ಅದು. ತಾತನ ಗೇಟಿನ ನೆನಪು ಆ ಸಿಟ್ಟಿನ ಕಾರಣವನ್ನು ಹೇಳುತ್ತದೆ. ಪಠ್ಯಪುಸ್ತಕ ಮಾತ್ರ ಓದಿದವರಿಗೆ ಈ ವಾಕ್ಯ ಹೊಳೆಯುವುದಿಲ್ಲ. ನಮ್ಮ ಮಕ್ಕಳು ಇಂಥ ಅನುಕೂಲವನ್ನು ಕೈಬಿಡುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ನಂಬಿಕೆ: ಭಾಷೆ ಭಾರವಾಗಿದ್ದರೆ ಅಂಕ ಜಾಸ್ತಿ.

ಇಲ್ಲಿನ ಎಷ್ಟೋ ಮಕ್ಕಳ ಮನೆಮಾತು ತಮಿಳು ಅಥವಾ ತೆಲುಗು. ಕನ್ನಡ ಮಾಧ್ಯಮದಲ್ಲಿ ಬರೆಯುವಾಗ ಅವರು ಗೈಡಿನ ಉದ್ದುದ್ದ ವಾಕ್ಯಗಳನ್ನು ಉರು ಹೊಡೆದು, ನಡುವೆ ಒಂದು ಪದ ಮರೆತರೆ ಇಡೀ ಪ್ಯಾರಾವನ್ನೇ ಕಳೆದುಕೊಳ್ಳುತ್ತಾರೆ. "ಗಣಿಗಾಗಿ ರೈಲು ಬಂತು. ಅದೇ ರೈಲಿನಿಂದ ಬಂಗಾರಪೇಟೆಯ ವ್ಯಾಪಾರಕ್ಕೂ ಅನುಕೂಲವಾಯಿತು." ಇಷ್ಟು ಸರಳವಾಗಿ ಬರೆದರೂ ಎರಡು ಸಂಗತಿ, ಒಂದು ಸಂಬಂಧ ಸ್ಪಷ್ಟವಾಗಿ ಬಂತು. ಪೀಠಿಕೆಯೂ ಅಷ್ಟೆ: ಮೊದಲ ಸಾಲಿನಲ್ಲೇ ನಿಮ್ಮ ನಿಲುವು ಹೇಳಿ, ಎರಡನೆಯ ಸಾಲಿನಿಂದ ಆಧಾರ ಕೊಡಲು ಶುರು ಮಾಡಿ.